ಬನ್ನಿ ಮರ ಒಣಗ್ತಿದ್ರೆ ಮೊದಲು ಬುಡ ನೋಡಿ

ಆಳಂದದ ಹತ್ತಿರ ನಮ್ಮ ತೊಗರಿ ಹೊಲದ ಬದುವಿನಲ್ಲಿ ಅಪ್ಪ ಉಳಿಸಿ ಬೆಳೆಸಿದ ಬನ್ನಿ ಮರವಿದೆ. ಹೋದ ವರ್ಷ ಒಂದು ಕಡೆಯ ಟೊಂಗೆ ಒಣಗಿದವು. ನೀರು ಸಾಲದು ಅಂತ ದಿನಾ ಕೊಡಗಟ್ಟಲೆ ಸುರಿದೆ. ಅದೇ ತಪ್ಪಾಯ್ತು. ಎರೆಮಣ್ಣು ನೀರು ಬಿಡುವುದಿಲ್ಲ, ಬೇರು ಕೊಳೆಯುತ್ತದೆ.

ಬುಡ ಕೆದಕಿ ನೋಡಿದೆ. ವಾರ್ನಿಶ್ ಬಳಿದಂತೆ ಹೊಳೆಯುವ ಕೆಂಗಂದು ಅಣಬೆ, ಕಟ್ಟಿಗೆಯಷ್ಟು ಗಟ್ಟಿ. ಇದು ಗ್ಯಾನೋಡರ್ಮಾ ಎಂಬ ಶಿಲೀಂಧ್ರದಿಂದ ಬರುವ ಬೇರು ಕೊಳೆ ರೋಗ. ಅಣಬೆ ಕಿತ್ತು ಸುಡಿ. ಆದರೂ ರೋಗ ಬೇರಿನೊಳಗೇ ಉಳಿಯುತ್ತದೆ. ಹಾಗಾಗಿ ಮಳೆನೀರು ಹರಿದುಹೋಗಲು ಸಣ್ಣ ಕಾಲುವೆ ತೆಗೆಯಿರಿ. ಬೇರಿಗೆ ನೇಗಿಲು ತಾಗಿಸಲೇಬೇಡಿ, ಗಾಯದಿಂದ ರೋಗ ಒಳಗೆ ಹೋಗುತ್ತದೆ.

ಟೊಂಗೆಯ ತೂತಿನಿಂದ ಹುಡಿ ಉದುರಿದರೆ ಕೊರಕ ಹುಳು. ಆ ಟೊಂಗೆ ಕಡಿದು ಸುಡಿ. ದಸರೆಗೆ ಬನ್ನಿ ಬೇಕಲ್ವಾ? ಎಲೆ ಬಿಡಿಸಿಕೊಳ್ಳಿ, ಟೊಂಗೆ ಮುರಿಯಬೇಡಿ.