ಓದಿ ಹೇಳಿ, ಆಮೇಲೆ ಸಹಿ

ನಮ್ಮ ಪಂಚಾಯಿತಿಯಲ್ಲಿ ಸಾಮಾನ್ಯ ಸಭೆ ಹೀಗೆ ನಡೆಯುತ್ತಿತ್ತು. ಹನ್ನೊಂದು ಗಂಟೆಗೆ ಅಂತ ನೋಟಿಸ್ ಬರುತ್ತದೆ, ಜನ ಸೇರುವುದು ಹನ್ನೆರಡೂವರೆಗೆ. ನಡಾವಳಿ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ, ಎಲ್ಲರೂ ಸಹಿ ಹಾಕುತ್ತಾರೆ. ಆಮೇಲೆ ಚಿತ್ರಾನ್ನ, ಟೀ, ಒಂದಿಷ್ಟು ಜಗಳ. ಯಾರ ಬೀದಿಗೆ ಲೈಟ್ ಬಂತು, ಯಾರ ಬೀದಿಗೆ ಬರಲಿಲ್ಲ ಅಂತ ಕೂಗಾಟ. ಮೂರು ಗಂಟೆಗೆ ಎಲ್ಲರೂ ಮನೆಗೆ. ತೀರ್ಮಾನ ಬರೆಯುವುದು ಅದಾದ ಮೇಲೆ, ನಾವು ಯಾರೂ ಇಲ್ಲದಾಗ. ಸಹಿ ಮೊದಲೇ ಬಿದ್ದಿರುತ್ತದಲ್ಲ, ಮೇಲೆ ಏನು ಬರೆದರೂ 'ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಅಂತ ಮುಗಿಸಿದರೆ ಆಯಿತು.

ನಾನು ತುಮಕೂರು ಜಿಲ್ಲೆಯ ಬಯಲುಸೀಮೆ ಊರಿನವಳು. 2020ರ ಡಿಸೆಂಬರ್ ಚುನಾವಣೆಯಲ್ಲಿ ಮಹಿಳಾ ಮೀಸಲಿನಲ್ಲಿ ಗೆದ್ದು ಸದಸ್ಯೆ ಆದೆ. ಈ ಪುಸ್ತಕದ ಜೊತೆ ನಾನು ನಡೆಸಿದ ಗುದ್ದಾಟವನ್ನು ಇಲ್ಲಿ ಬರೆಯುತ್ತಿದ್ದೇನೆ. ಪಂಚಾಯಿತಿ ಸದಸ್ಯರ ಅಧಿಕಾರ ಏನು ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ಪುಸ್ತಕವನ್ನೇ. ಅದರಲ್ಲಿ ಬರೆಯದೇ ಇದ್ದದ್ದು ನಡೆದೇ ಇಲ್ಲ ಅಂತ ಲೆಕ್ಕ. ಬರೆದದ್ದಕ್ಕೆ ದುಡ್ಡು ಖರ್ಚಾಗುತ್ತದೆ.

ಅಜೆಂಡಾದ ಕೊನೆಗೆ ಯಾವಾಗಲೂ ಒಂದು ಸಾಲು ಇರುತ್ತದೆ: 'ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು'. ಹೊಸ ಸದಸ್ಯರು ಮೊದಲು ಕಣ್ಣಿಡಬೇಕಾದದ್ದು ಅದರ ಮೇಲೆ. ನಾನು ಹಳೇ ನಡಾವಳಿಗಳನ್ನು ಕೇಳಿ ತರಿಸಿಕೊಂಡು ಓದಿದಾಗ, ದೊಡ್ಡ ದೊಡ್ಡ ಬಿಲ್ಲುಗಳೆಲ್ಲ ಆ ಸಾಲಿನ ಕೆಳಗೇ ಕೂತಿದ್ದವು. ಬ್ಲೀಚಿಂಗ್ ಪೌಡರ್, ಎಲ್‌ಇಡಿ ಬಲ್ಬು, ಮೋಟರ್ ರಿಪೇರಿ.

ಒಬ್ಬಳೇ ಎದ್ದು ನಿಂತು ಕೇಳಿದ್ದರೆ ಏನೂ ಆಗುತ್ತಿರಲಿಲ್ಲ. 'ಈಯಮ್ಮಂದು ಜಾಸ್ತಿ ಆಯ್ತು' ಅಂತ ನಕ್ಕು ಮುಗಿಸುತ್ತಿದ್ದರು. ಅದಕ್ಕೇ ಮೊದಲು ಉಳಿದ ಹೆಣ್ಣುಮಕ್ಕಳ ಹತ್ತಿರ ಮಾತಾಡಿದೆ. ಅರ್ಧ ಸೀಟು ನಮ್ಮದೇ ಅಲ್ವಾ. ಆದರೆ ಮೀಟಿಂಗಿನಲ್ಲಿ ಮಾತಾಡುತ್ತಿದ್ದವರು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಗಂಡಂದಿರು. 'ಸಹಿ ನಿನ್ನದು ಕಣಕ್ಕ, ನಾಳೆ ದುಡ್ಡು ವಾಪಸ್ ಕಟ್ಟಿ ಅಂತ ವಸೂಲಿ ಆದೇಶ ಬಂದರೆ ನಿನ್ನ ಹೆಸರಿಗೇ ಬರೋದು' ಅಂದೆ. ಈ ಒಂದು ಮಾತು ಚೆನ್ನಾಗಿ ನಾಟಿತು. ಕಾನೂನು, ಹಕ್ಕು ಅಂತ ಭಾಷಣ ಮಾಡಿದ್ದರೆ ಇಷ್ಟು ಕೆಲಸ ಆಗುತ್ತಿರಲಿಲ್ಲ.

ನಾವು ಕೇಳಿದ್ದು ಮೂರು ವಿಷಯ. ಪ್ರತಿ ವಿಷಯ ಮುಗಿದ ಕೂಡಲೇ ತೀರ್ಮಾನವನ್ನು ಅಲ್ಲೇ ಬರೆಯಬೇಕು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಕೊನೆಯಲ್ಲಿ ಖಾಲಿ ಉಳಿದ ಜಾಗಕ್ಕೆ ಅಡ್ಡಗೆರೆ ಎಳೆದು, ಅದರ ಕೆಳಗೆ ಸಹಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಾಹೇಬರು 'ಟೈಮ್ ಆಗುತ್ತೆ ಮೇಡಂ' ಅಂದರು. 'ಆಗಲಿ ಬಿಡಿ ಸಾರ್, ಊಟ ಅಂತೂ ಹಾಕಿಸಿದೀರಲ್ಲ' ಅಂದೆ. ಪೂರ್ತಿ ಒಪ್ಪಲು ಸುಮಾರು ಸಮಯ ಹಿಡಿಯಿತು. ನಡುವೆ ಒಂದು ಸಭೆಯಲ್ಲಿ ನಾವು ಹೆಂಗಸರು ಯಾರೂ ಸಹಿ ಹಾಕದೆ ಎದ್ದು ಬಂದೆವು. ಆಮೇಲೆ ದಾರಿಗೆ ಬಂತು.

ನಮ್ಮ ಮಾವನವರು 1987ರಲ್ಲಿ ಮಂಡಲ ಪಂಚಾಯಿತಿಗೆ (ಈಗಿನ ಗ್ರಾಮ ಪಂಚಾಯಿತಿ ಇದ್ದ ಹಾಗೆ) ಆರಿಸಿ ಹೋದವರು. ನಾನು ಮೀಟಿಂಗ್ ಮುಗಿಸಿ ಬಂದರೆ ಜಗಲಿ ಮೇಲೆ ಕೂತು ವಿಚಾರಿಸುತ್ತಿದ್ದರು. ಅವರ ಕಾಲದ ಕತೆಯೇ ಬೇರೆ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. ಊರೂರಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು 'ನೀರ್ ಸಾಬ್' ಅಂತಲೇ ಕರೆಯುತ್ತಿದ್ದರು. ಅವರು 1983ರಲ್ಲಿ ತಂದ ಕಾಯಿದೆಯಲ್ಲಿ ಜಿಲ್ಲಾ ಪರಿಷತ್ (ಈಗಿನ ಜಿಲ್ಲಾ ಪಂಚಾಯಿತಿ) ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ದರ್ಜೆ. ಹೆಣ್ಣುಮಕ್ಕಳಿಗೆ ನಾಲ್ಕರಲ್ಲಿ ಒಂದು ಸೀಟು, ಅದೂ ದೇಶದ ಸಂವಿಧಾನ ಹೇಳುವ ಮುಂಚೆಯೇ. 'ಆಗ ಇಲಾಖೆಯೋರು ನಮ್ಮ ಹತ್ರ ಬರ್ತಿದ್ರು, ಈಗ ನೀವು ಅವರ ಬಾಗಿಲಿಗೆ ಹೋಗ್ತೀರಿ' ಅಂತ ಮಾವ ಚುಚ್ಚುತ್ತಿದ್ದರು. ಆ ವೈಭವ ಹೆಚ್ಚು ದಿನ ಇರಲಿಲ್ಲ ಅನ್ನುವುದೂ ನಿಜ. ಐದು ವರ್ಷ ಆದಮೇಲೆ ಸರ್ಕಾರ ಚುನಾವಣೆ ನಡೆಸಲಿಲ್ಲ, ಆಡಳಿತಾಧಿಕಾರಿಗಳನ್ನು ತಂದು ಕೂರಿಸಿತು.

ಹಾಗೆ ಮಾಡಲು ಆಗಬಾರದು ಅಂತಲೇ ಸಂವಿಧಾನದ 73ನೇ ತಿದ್ದುಪಡಿ ಬಂತು. 1993ರ ಏಪ್ರಿಲ್ 24ಕ್ಕೆ ಅದು ಜಾರಿ ಆಯಿತು. ಮೇ ತಿಂಗಳಲ್ಲಿ ನಮ್ಮ ರಾಜ್ಯದ ಹೊಸ ಕಾಯಿದೆ ಬಂತು, ವರ್ಷದ ಕೊನೆಗೆ ಗ್ರಾಮ ಪಂಚಾಯಿತಿ ಚುನಾವಣೆ ಆಯಿತು. ಐದು ವರ್ಷಕ್ಕೊಮ್ಮೆ ಚುನಾವಣೆ ಕಡ್ಡಾಯ. ಊರಿನ ಮತದಾರರೆಲ್ಲ ಸೇರುವ ಗ್ರಾಮ ಸಭೆಗೆ ಸಂವಿಧಾನದಲ್ಲೇ ಜಾಗ. 11ನೇ ಅನುಸೂಚಿಯಲ್ಲಿ 29 ವಿಷಯಗಳ ಪಟ್ಟಿ. ಆದರೆ ಆ 29ರಲ್ಲಿ ಎಷ್ಟನ್ನು ನಿಜವಾಗಿ ಬಿಟ್ಟುಕೊಡಬೇಕು ಅನ್ನುವುದನ್ನು ರಾಜ್ಯ ಸರ್ಕಾರಗಳ ಕೈಗೇ ಬಿಟ್ಟರು. ಅಲ್ಲಿಗೆ ಬಂತು ನೋಡಿ. ಶಾಲೆ ಪಟ್ಟಿಯಲ್ಲಿದೆ, ಆದರೆ ಮೇಷ್ಟ್ರು ಬರದಿದ್ದರೆ ನಾವು ಪತ್ರ ಬರೆಯಬಹುದು ಅಷ್ಟೇ. ಆಸ್ಪತ್ರೆ, ಪಡಿತರ ಅಂಗಡಿಯ ಕತೆಯೂ ಅಷ್ಟೇ.

ನಮ್ಮ ಕೈಯಲ್ಲಿ ನಿಜವಾಗಿ ಇರುವುದು ನೀರು, ಬೀದಿ ದೀಪ, ಚರಂಡಿ, ಕಸ, ಮನೆ ಕಂದಾಯ, ಇ-ಸ್ವತ್ತಿನ ನಮೂನೆ 9 ಮತ್ತು 11 ಅನ್ನುವ ಆಸ್ತಿ ದಾಖಲೆ, ಮನೆ ಕಟ್ಟಲು ಪರವಾನಗಿ, ವಸತಿ ಯೋಜನೆಗೆ ಫಲಾನುಭವಿಗಳ ಆಯ್ಕೆ. ದುಡ್ಡಿನಲ್ಲೂ ಹಗ್ಗ ಕಟ್ಟಿಯೇ ಕೊಡುತ್ತಾರೆ. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-22ರಿಂದ 2025-26ರವರೆಗೆ ಶೇ. 60 ಭಾಗ ನೀರು, ನೈರ್ಮಲ್ಯಕ್ಕೇ ಮೀಸಲು. ಉಳಿದ ಶೇ. 40ರಲ್ಲಿ ನಮ್ಮ ಇಷ್ಟ. ನಮ್ಮ ಸ್ವಂತ ದುಡ್ಡು ಅಂದರೆ ಕಂದಾಯ ಮತ್ತು ನೀರಿನ ಶುಲ್ಕ.

ಹಾಗಾಗಿ ನಾನು ಹಿಡಿದುಕೊಂಡದ್ದು ನೀರಿನ ಲೆಕ್ಕವನ್ನು. ಬಯಲುಸೀಮೆ ಪಂಚಾಯಿತಿಗಳಲ್ಲಿ ಜಾಸ್ತಿ ದುಡ್ಡು ಕರಗುವುದು ಕೊಳವೆಬಾವಿಯ ಮೋಟರ್ ರಿಪೇರಿಗೆ. ಓಚರ್ ಫೈಲ್ ತೆಗೆದರೆ ಒಂದೇ ಥರದ ಬಿಲ್ಲುಗಳು: ಮೋಟರ್ ಎತ್ತಿದ ಕೂಲಿ, ವೈಂಡಿಂಗ್ ಚಾರ್ಜು, ಕೇಬಲ್, ಕಾಲಂ ಪೈಪು, ಮತ್ತೆ ಇಳಿಸಿದ ಕೂಲಿ. ಯಾವ ಬೋರಿನ ಮೋಟರ್ ಅಂತ ಬಿಲ್ಲಿನಲ್ಲಿ ಇಲ್ಲವೇ ಇಲ್ಲ. 'ಗ್ರಾಮದ ಕೊಳವೆಬಾವಿ ದುರಸ್ತಿ' ಅಂತ ಮಾತ್ರ. ಯಾವ ಗ್ರಾಮ, ಯಾವ ಬಾವಿ? ನಮ್ಮ ಪಂಚಾಯಿತಿಯಲ್ಲಿ ಊರುಗಳೇ ಎಷ್ಟೊಂದಿವೆ.

ಊರಿಗೆ ನೀರು ಬಿಡುವ ನಮ್ಮ ನೀರುಗಂಟಿ ಹೆಚ್ಚು ಓದಿದವನಲ್ಲ, ಆದರೆ ಯಾವ ಮೋಟರ್ ಯಾವ ಹಬ್ಬದ ಹಿಂದೆ ಸುಟ್ಟಿತು ಅನ್ನುವುದು ಅವನಿಗೆ ಬಾಯಿಪಾಠ. ಅವನ ಕೈಗೆ ಒಂದು ನೂರು ಪುಟದ ನೋಟ್‌ಬುಕ್ ಕೊಡಿಸಿದೆ. ಪ್ರತಿ ಬೋರಿಗೆ ಒಂದೊಂದು ಪುಟ. ಮೋಟರಿನ ಎಚ್‌ಪಿ, ಅದರ ಮೇಲಿನ ನಂಬರ್, ಎತ್ತಿದ ದಿನ, ಇಳಿಸಿದ ದಿನ, ಎಷ್ಟು ಪೈಪು ಹೊಸದು. ಅವನು ಹೇಳುತ್ತಿದ್ದ, ಹೈಸ್ಕೂಲಿಗೆ ಹೋಗುವ ಅವನ ಮಗಳು ಬರೆಯುತ್ತಿದ್ದಳು. ಮುಂದಿನ ಸಭೆಗಳಲ್ಲಿ ಮೋಟರ್ ಬಿಲ್ ಬಂದಾಗ ನಾನು ಪುಸ್ತಕ ಬಿಚ್ಚಿ ಇಡುತ್ತಿದ್ದೆ. 'ಇದು ಯಾವ ಬೋರು ಸಾರ್?' ಅಂತ ಕೇಳುವುದು, ಅಷ್ಟೇ ಪ್ರಶ್ನೆ. ಕೆಲವು ಬಿಲ್ಲುಗಳು ಮುಂದಿನ ಸಭೆಗೆ ಅಂತ ಹೋದವು, ಮತ್ತೆ ಬರಲೇ ಇಲ್ಲ.

ಇನ್ನೊಂದು ವಿಷಯ ನೀರುಗಂಟಿಯೇ ಹೇಳಿದ. ಮೋಟರ್ ಸುಟ್ಟಾಗ ಒಳಗಿನ ಹಳೇ ತಾಮ್ರದ ತಂತಿ ಬಿಚ್ಚಿ ತೆಗೆಯುತ್ತಾರಲ್ಲ, ಅದಕ್ಕೆ ಗುಜರಿಯಲ್ಲಿ ಒಳ್ಳೇ ರೇಟು. ಅದು ಪಂಚಾಯಿತಿ ಸೊತ್ತು. ಹಳೇ ತಂತಿ ತೂಕ ಹಾಕಿ, ಅದರ ಬೆಲೆ ಬಿಲ್ಲಿನಲ್ಲಿ ಕಳೆದುಕೊಂಡು ಕೊಡಬೇಕು ಅಂತ ತೀರ್ಮಾನ ಬರೆಸಿದೆವು. ಗದ್ದಲ ಜಾಸ್ತಿ ಆಗಿದ್ದು ಇದಕ್ಕೇ. ಲಕ್ಷದ ಬಿಲ್ ಬಗ್ಗೆ ಸುಮ್ಮನಿದ್ದವರು ಗುಜರಿ ತಂತಿಗೆ ಮೈಮೇಲೆ ಬಂದರು!

ನಾನು ಕಳ್ಳಲೆಕ್ಕ ಹುಡುಕೋಣ ಅಂತ ಶುರು ಮಾಡಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ನೋಟ್‌ಬುಕ್ಕಿನಲ್ಲಿ ಬೇರೆ ಒಂದು ಸಂಗತಿಯೂ ಕಂಡಿತು. ದೇವಸ್ಥಾನದ ಹಿಂದಿನ ಬೋರಿನ ಪುಟ ಮಾತ್ರ ಬೇಗ ತುಂಬಿತ್ತು. ಅಲ್ಲಿನ ಬಿಲ್ಲುಗಳು ಸುಳ್ಳಲ್ಲ, ಮೋಟರ್ ನಿಜವಾಗಿಯೂ ಸುಡುತ್ತಿತ್ತು. ಲೈನ್‌ಮ್ಯಾನ್‌ನ ಕರೆದು ತೋರಿಸಿದಾಗ, ಮೂರು ಫೇಸಿನಲ್ಲಿ ಒಂದು ಆಗಾಗ ಹೋಗುತ್ತಿದೆ, ಉಳಿದ ಎರಡರಲ್ಲೇ ಮೋಟರ್ ಓಡಿ ಬಿಸಿಯಾಗುತ್ತಿದೆ ಅಂದ. ಪ್ಯಾನಲ್ ಬೋರ್ಡಿಗೆ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿದೆವು, ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸಿಬಿಡುತ್ತದೆ. ಒಂದು ವೈಂಡಿಂಗಿಗೆ ಕೊಡುವುದಕ್ಕಿಂತ ಕಡಿಮೆ ಖರ್ಚು. ಆಮೇಲೆ ಆ ಪುಟ ನಿಂತಿತು. ವರ್ಷಗಟ್ಟಲೆ ಸದಸ್ಯರು ಬಂದು ಹೋದರೂ ಇದು ಯಾರಿಗೂ ಹೊಳೆದಿರಲಿಲ್ಲ. ಯಾಕೆಂದರೆ ಬಿಲ್ಲುಗಳನ್ನು ಬೋರುವಾರು ಯಾರೂ ಜೋಡಿಸಿ ನೋಡಿರಲಿಲ್ಲ.

ಗೆದ್ದ ಹೊಸದರಲ್ಲಿ ನಮಗೆಲ್ಲ ತರಬೇತಿ ಕೊಟ್ಟಿದ್ದರು. ಅಲ್ಲಿ ಪಾಠ ಮಾಡಿದ ಮೇಷ್ಟ್ರೊಬ್ಬರು ಉತ್ತಿರಮೇರೂರಿನ ಶಾಸನದ ಕತೆ ಹೇಳಿದರು. ಕಾಂಚೀಪುರದ ಹತ್ತಿರದ ಊರು, ಸುಮಾರು 920ರ ಚೋಳರ ಕಾಲ. ತಾಳೆಗರಿಯಲ್ಲಿ ಹೆಸರು ಬರೆದು, ಕೊಡದೊಳಗೆ ಹಾಕಿ, ಚಿಕ್ಕ ಹುಡುಗನ ಕೈಯಲ್ಲಿ ತೆಗೆಸಿ ಸಮಿತಿಗೆ ಆರಿಸುತ್ತಿದ್ದರಂತೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಕೊಡಕ್ಕೇ ಬೀಳುವಂತಿಲ್ಲ, ಅವನ ನೆಂಟರದ್ದೂ ಇಲ್ಲ. ಆ ಸಭೆಯಲ್ಲಿ ನನ್ನಂಥವಳಿಗೆ ಜಾಗ ಇರಲಿಲ್ಲ ಬಿಡಿ, ಜಮೀನಿದ್ದ ಬ್ರಾಹ್ಮಣ ಗಂಡಸರದ್ದೇ ಕಾರುಬಾರು. ಆದರೂ ನೆಂಟರನ್ನೂ ಸೇರಿಸಿದ್ದು ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಸದಸ್ಯರು ತಮ್ಮ ಹೆಸರಲ್ಲಿ ಪಂಚಾಯಿತಿ ಕೆಲಸ ಹಿಡಿಯುವಂತಿಲ್ಲ. ಬಾಮೈದನ ಹೆಸರಲ್ಲಿ ನಡೆಯುವುದನ್ನು ಇಡೀ ಊರೇ ನೋಡುತ್ತದೆ.

ಗ್ರಾಮ ಸಭೆ ವಿಷಯಕ್ಕೆ ಬರೋಣ. ಆರು ತಿಂಗಳಿಗೊಮ್ಮೆಯಾದರೂ ಆಗಬೇಕು, ಅದಕ್ಕೂ ಮುಂಚೆ ವಾರ್ಡ್ ಸಭೆ ಆಗಬೇಕು. ವಾರ್ಡ್ ಸಭೆ ಅನ್ನುವುದು ನಮ್ಮಲ್ಲಿ ಬರೀ ಕಾಗದದ ಮೇಲಿತ್ತು. ನಾನು ಅದನ್ನು ಹಾಲಿನ ಡೇರಿ ಮುಂದೆ ಇಟ್ಟುಕೊಂಡೆ, ಸಂಜೆ ಹಾಲು ಹಾಕುವ ಹೊತ್ತಿಗೆ. ಮಧ್ಯಾಹ್ನ ಪಂಚಾಯಿತಿ ಕಚೇರಿಗೆ ಬನ್ನಿ ಅಂದರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಡೇರಿಗೆ ಹೇಗಿದ್ದರೂ ಬರುತ್ತಾರೆ, ಅದರಲ್ಲೂ ಹೆಂಗಸರೇ ಹೆಚ್ಚು.

ಮನೆ ಪಟ್ಟಿ ಓದಿದ ಸಂಜೆ ನೆನಪಿದೆ. ವಸತಿ ಯೋಜನೆಗೆ ಅರ್ಜಿ ಹಾಕಿದವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾ ಹೋದೆ. ಒಂದು ಹೆಸರು ಬಂದಾಗ ಹಿಂದಿನಿಂದ ಅಜ್ಜಿಯೊಬ್ಬರು, 'ಅವನ ಮನೆ ಮೋಲ್ಡ್ ಹಾಕಿಸುವಾಗ ನಾನೇ ಜಲ್ಲಿ ಹೊತ್ತಿದ್ದೀನಿ ಕಣಮ್ಮ' ಅಂದರು. ಎಲ್ಲರೂ ನಕ್ಕರು. ಆ ಮನುಷ್ಯನೂ ಅಲ್ಲೇ ಇದ್ದ, ಕ್ಯಾನ್ ಎತ್ತಿಕೊಂಡು ಹೊರಟ. ಇಂಥ ಕೆಲಸ ಯಾವ ಅಧಿಕಾರಿಯ ತನಿಖೆಯಿಂದಲೂ ಇಷ್ಟು ಸಲೀಸಾಗಿ ಆಗಲ್ಲ. ಹಾಗಂತ ಎಲ್ಲ ಸಲವೂ ಹೀಗೇ ಅಂತಲ್ಲ. ಬಲವಾದ ಮನೆತನದವರ ಹೆಸರು ಓದಿದಾಗ ಎಲ್ಲರೂ ನೆಲ ನೋಡುತ್ತಿದ್ದರು. ಅಂಥದ್ದಕ್ಕೆ ಸಭೆಯಾದ ಮೇಲೆ ಮನೆಗೆ ಬಂದು ಪಿಸುಗುಟ್ಟಿ ಹೋಗುತ್ತಿದ್ದರು. ಅದನ್ನು ನಡಾವಳಿಯಲ್ಲಿ ಹೇಗೆ ಬರೆಸುವುದು?

ಕಂದಾಯದ ವಿಷಯ ಎರಡೇ ಮಾತು. ಬಿಲ್ ಕಲೆಕ್ಟರ್ ಜೊತೆ ನಾನೂ ಬಾಗಿಲು ಬಾಗಿಲಿಗೆ ಹೋದೆ. 'ನೀರೇ ಬಿಡಲ್ಲ, ಕಂದಾಯ ಯಾಕೆ' ಅನ್ನುತ್ತಿದ್ದವರು, ಹೋದ ವರ್ಷದ ದುಡ್ಡು ಯಾವ ಬೋರಿಗೆ ಹೋಯಿತು ಅಂತ ಪುಟ ತೋರಿಸಿದ ಮೇಲೆ ಬಾಕಿ ಕಟ್ಟಿದರು. ಎಲ್ಲರೂ ಅಲ್ಲ. ಆದರೆ ಕಂದಾಯ ಕಟ್ಟಿದವರು ಮುಂದಿನ ವಾರ್ಡ್ ಸಭೆಗೆ ಬಂದು ಜೋರಾಗಿ ಪ್ರಶ್ನೆ ಕೇಳಿದರು, ನನ್ನನ್ನೂ ಸೇರಿಸಿ.

ಜಮಾಬಂದಿ ಅಂತ ಇನ್ನೊಂದು ಇದೆ, ವರ್ಷಕ್ಕೊಮ್ಮೆ. ತಾಲ್ಲೂಕಿನಿಂದ ಅಧಿಕಾರಿ ಬಂದು, ಎಲ್ಲ ದಾಖಲೆ ಜನರ ಮುಂದಿಟ್ಟು, ಕಾಮಗಾರಿ ಆದ ಜಾಗಕ್ಕೆ ಹೋಗಿ ನೋಡಬೇಕು. ನಮ್ಮಲ್ಲಿ ದಾಖಲೆಗಳನ್ನು ಟೇಬಲ್ ಮೇಲೆ ಜೋಡಿಸಿ, ಹೂವಿಟ್ಟು, ಫೋಟೊ ತೆಗೆದು ಮುಗಿಸುತ್ತಿದ್ದರು. ನಾನು ಮೊದಲೇ ಎರಡು ಚರಂಡಿ ಕೆಲಸಗಳ ಅಳತೆ ಪುಸ್ತಕದ ನಕಲು ತೆಗೆದುಕೊಂಡು, ಟೇಪ್ ಹಿಡಿದು ಅಳೆದಿಟ್ಟಿದ್ದೆ. ಬಂದ ಅಧಿಕಾರಿಯನ್ನು ಅಲ್ಲಿಗೇ ಕರೆದುಕೊಂಡು ಹೋದೆವು. ಒಂದು ಸರಿ ಇತ್ತು. ಇನ್ನೊಂದು ಉದ್ದದಲ್ಲಿ ಕಮ್ಮಿ ಇತ್ತು, ಗುತ್ತಿಗೆದಾರ ಉಳಿದ ಭಾಗ ಮಾಡಿ ಕೊಟ್ಟ. ಹಣಕಾಸು ಆಯೋಗದ ದುಡ್ಡಿನ ಪಾವತಿಗಳನ್ನು ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು. ನಮ್ಮ ಊರಿನ ಡಿಗ್ರಿ ಹುಡುಗರಿಗೆ ಇದನ್ನು ಕಲಿಸಿದ ಮೇಲೆ ನನ್ನ ಅರ್ಧ ಕೆಲಸ ಅವರೇ ಮಾಡಿದರು.

ಕೆಳಗೆ ಇಷ್ಟೆಲ್ಲ ಮಾಡಿದರೂ ಮೇಲೆ ಹೋದರೆ ಗೋಡೆ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆದದ್ದು, 2021ಕ್ಕೆ ಅವಧಿ ಮುಗಿಯಿತು. ಅಲ್ಲಿಂದ ನಮ್ಮ ಅವಧಿ ಪೂರ್ತಿ ಅಲ್ಲಿ ಆರಿಸಿ ಬಂದವರೇ ಇರಲಿಲ್ಲ, ಆಡಳಿತಾಧಿಕಾರಿಗಳೇ ಎಲ್ಲ. ಪಿಡಿಒ ಬಗ್ಗೆ ದೂರು ಕೊಟ್ಟರೆ ಅದನ್ನು ಇನ್ನೊಬ್ಬ ಅಧಿಕಾರಿ ನೋಡುತ್ತಾರೆ. ನನ್ನನ್ನು ಡೇರಿ ಮುಂದೆ ನಿಲ್ಲಿಸಿ ಕೇಳುವವರಿದ್ದಾರೆ, ಆ ಅಧಿಕಾರಿಗಳನ್ನು ಯಾರು ಕೇಳಬೇಕು? 1992ರಲ್ಲಿ ಆಡಳಿತಾಧಿಕಾರಿಗಳನ್ನು ಕೂರಿಸಿದ್ದನ್ನು ನೋಡಿದ್ದ ಮಾವ ಇದನ್ನೂ ನೋಡಿ, 'ಕಾಯಿದೆ ಹೆಸರಿಗೆ ಗ್ರಾಮ ಸ್ವರಾಜ್ ಅಂತ ಬೇರೆ ಸೇರಿಸಿದಾರೆ' ಅಂತ ನಕ್ಕರು.

ಈಗ ಏನು ಉಳಿದಿದೆ ಅಂದರೆ, ಬೋರುವಾರು ಲೆಕ್ಕ ಉಳಿದಿದೆ. ನೀರುಗಂಟಿಗೆ ಅದರಿಂದ ಅನುಕೂಲ, ತನ್ನ ಮೇಲೆ ಬರುವ ಗೂಬೆ ತಪ್ಪುತ್ತದೆ. ತಾಮ್ರದ ತಂತಿ ತೂಕವೂ ನಡೆದಿದೆ. ಅಡ್ಡಗೆರೆ ಎಳೆಯುವುದು ಪಿಡಿಒ ವರ್ಗ ಆದಮೇಲೆ ಒಂದೆರಡು ಸಭೆಗೆ ನಿಂತುಹೋಗಿತ್ತು, ಮತ್ತೆ ಕೇಳಿ ಶುರು ಮಾಡಿಸಬೇಕಾಯಿತು. ಹೊಸದಾಗಿ ಆರಿಸಿ ಬರುವವರು ಮೊದಲನೇ ಸಭೆಯಲ್ಲೇ ಹಿಂದಿನ ಎರಡು ವರ್ಷದ ನಡಾವಳಿ ನಕಲು ಕೇಳಿ, ಬಾಯಿಮಾತಲ್ಲಿ ಬೇಡ, ಅರ್ಜಿ ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ನಕಲು ಸಿಕ್ಕ ಮೇಲೆ ಕೊನೇ ಪುಟದಿಂದ ಓದಲು ಶುರು ಮಾಡಿ, 'ಇತರೆ ವಿಷಯಗಳು' ಅಲ್ಲೇ ಇರುತ್ತವೆ.