ಮೂಲವ್ಯಾಧಿಗೆ ಮಜ್ಜಿಗೆ, ಸುವರ್ಣಗಡ್ಡೆ: ಮಾಡುವುದು ಹೇಗೆ?

ಅಡಿಕೆ ಸುಗ್ಗಿ ಮುಗಿಯುವ ಹೊತ್ತಿಗೆ ಶಿರಸಿ ಕಡೆಯ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕಾಯಿಲೆಯೊಂದು ಏಳುತ್ತದೆ. ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವುದು, ಬಾಯಲ್ಲಿ ಕವಳ, ನಿದ್ದೆ ತಡೆಯಲು ಚಹಾ. ನೀರು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಎರಡು ದಿನ ಹೊಟ್ಟೆ ಕಟ್ಟಿ, ಮೂರನೇ ದಿನ ಮುಕ್ಕಿದಾಗ ನೆತ್ತರು ಕಾಣುತ್ತದೆ. ‘ಉಷ್ಣ ಆಯ್ತು’ ಎಂದು ಸುಮ್ಮನಾಗುವವರೇ ಹೆಚ್ಚು.

ಮೊದಲು ವೈದ್ಯರಿಗೆ ತೋರಿಸಿ, ನಾಚಿಕೆ ಬೇಡ. ನೋವಿಲ್ಲದೆ ಕೆಂಪು ನೆತ್ತರು ತೊಟ್ಟಿಕ್ಕಿದರೆ ಸಾಮಾನ್ಯವಾಗಿ ಒಳಮೂಲ. ಬ್ಲೇಡಿನಿಂದ ಗೀರಿದಂಥ ಉರಿಯಿದ್ದರೆ ಫಿಶರ್, ಅಂದರೆ ಗುದದ್ವಾರದ ಸೀಳು. ಪಕ್ಕದಲ್ಲಿ ಕುರುವೆದ್ದು ಕೀವು ಸೋರುತ್ತಿದ್ದರೆ ಭಗಂದರ (ಫಿಸ್ಟುಲಾ). ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ತೂಕ ಇಳಿಯುತ್ತಿದ್ದರೆ, ವಯಸ್ಸು 45 ದಾಟಿದ ಮೇಲೆ ಹೊಸದಾಗಿ ರಕ್ತ ಕಂಡರೆ ಕಷಾಯ ಕುದಿಸುತ್ತ ಕೂರಬೇಡಿ, ಪರೀಕ್ಷೆ ಮಾಡಿಸಿ.

ಮೂಲವ್ಯಾಧಿಯೇ ಎಂದು ಖಾತ್ರಿಯಾದರೆ ಮಜ್ಜಿಗೆಯಿಂದ ಶುರುಮಾಡಿ. ಚರಕಸಂಹಿತೆ ಈ ರೋಗಕ್ಕೆ ಮಜ್ಜಿಗೆಯನ್ನು ಬಹಳ ಮೇಲಿಟ್ಟಿದೆ. ಮೊಸರಿಗೆ ನೀರು ಸುರಿದದ್ದಲ್ಲ. ಕಡೆದು ಬೆಣ್ಣೆ ತೆಗೆದದ್ದು, ಅಂದಿನದೇ ಆಗಬೇಕು. ಒಂದು ಲೋಟಕ್ಕೆ ಕಾಲು ಚಮಚ ಹುರಿದ ಜೀರಿಗೆ ಪುಡಿ, ಚಿಟಿಕೆ ಸೈಂಧವ ಉಪ್ಪು ಹಾಕಿ ಮಧ್ಯಾಹ್ನದ ಊಟದ ಜೊತೆ ಕುಡಿಯಿರಿ. ಮಿಡಿ ಉಪ್ಪಿನಕಾಯಿಯನ್ನು ಅಷ್ಟು ದಿನ ಭರಣಿಯಲ್ಲೇ ಬಿಡಿ. ಕಷ್ಟವೇ, ಗೊತ್ತು.

ಸುವರ್ಣಗಡ್ಡೆಗೆ ಸಂಸ್ಕೃತದಲ್ಲಿ ‘ಅರ್ಶೋಘ್ನ’ ಎಂಬ ಹೆಸರಿದೆ, ಮೂಲವ್ಯಾಧಿಯನ್ನು ಕೊಲ್ಲುವುದು ಅಂತ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಸಿಪ್ಪೆಯನ್ನು ದಪ್ಪಗೆ ಹೆರೆಯಿರಿ. ಹೋಳುಗಳನ್ನು ಹುಣಸೆ ನೀರಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರು ಚೆಲ್ಲಿ, ವಾಟೆಹುಳಿ ಹಾಕಿ ಬೇಯಿಸಿ. ಸೌಟಿನ ಬೆನ್ನಿನಿಂದ ಒತ್ತಿದರೆ ಹೋಳು ಪುಡಿಯಾಗಬೇಕು. ಅವಸರ ಮಾಡಿ ಒಮ್ಮೆ ಗಟ್ಟಿ ಹೋಳು ಬಡಿಸಿದ್ದೆ. ಪಂಕ್ತಿಯಲ್ಲಿದ್ದವರೆಲ್ಲ ಗಂಟಲು ಕೆರೆದುಕೊಳ್ಳುತ್ತ ನನ್ನನ್ನೇ ನೋಡಿದರು. ಬೆಂದ ಮೇಲೆ ಕಾಯಿತುರಿ, ಸಾಸಿವೆ ಒಗ್ಗರಣೆ ಸಾಕು, ಮೆಣಸು ಕಡಿಮೆ. ಕಿಡ್ನಿಯಲ್ಲಿ ಕಲ್ಲಿದ್ದವರು ಈ ಗಡ್ಡೆ ತಿನ್ನುವ ಮುಂಚೆ ವೈದ್ಯರನ್ನು ಕೇಳಿ.

ಮಲಗುವಾಗ ತ್ರಿಫಲ ಚೂರ್ಣ, ಸುಮಾರು 3 ಗ್ರಾಂ, ಬಿಸಿನೀರಲ್ಲಿ. ಬೇಧಿಯಾದರೆ ಕಡಿಮೆ ಮಾಡಿ. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಮುಟ್ಟಬಾರದು.

ನೋವಿಗೆ ಬಚ್ಚಲ ಹಂಡೆಯ ನೀರೇ ಮದ್ದು. ಅಗಲ ಬೋಗುಣಿಗೆ ಉಗುರುಬೆಚ್ಚಗಿನ ನೀರು ಹಾಕಿ 10–15 ನಿಮಿಷ ಕೂರುವುದು, ದಿನಕ್ಕೆ ಎರಡು ಮೂರು ಸಲ. ಆಮೇಲೆ ಉಜ್ಜದೆ ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ. ಗದ್ದೆ ಅಂಚಿನ ಮುಟ್ಟಿದರೆ ಮುನಿಯನ್ನು ನೆತ್ತರು ನಿಲ್ಲಲು ಅರೆದು ಕೊಡುವ ರೂಢಿ ಇದೆ. ಪ್ರಮಾಣ ವೈದ್ಯರೇ ಹೇಳಲಿ. ‘ಒಂದೇ ದಿನಕ್ಕೆ ಮೊಳಕೆ (ಮೂಲವ್ಯಾಧಿಯ ಗಂಟು) ಉದುರುತ್ತದೆ’ ಎಂದು ಹೆಸರಿಲ್ಲದ ಡಬ್ಬಿಯಲ್ಲಿ ಕೊಡುವ ಲೇಪ ಮಾತ್ರ ಬೇಡವೇ ಬೇಡ, ಚರ್ಮ ಸುಟ್ಟೀತು.

ಮೊಳಕೆಯನ್ನು ಬೆರಳಿನಿಂದ ಒಳತಳ್ಳಬೇಕಾದ ಹಂತಕ್ಕೆ ಬಂದಿದ್ದರೆ ಪಥ್ಯವೊಂದೇ ಸಾಲದು. ಸುಶ್ರುತ ಹೇಳಿದ ನಾಲ್ಕು ದಾರಿಗಳಲ್ಲಿ ಔಷಧ ಮೊದಲನೆಯದು. ಕ್ಷಾರ (ಗಿಡದ ಬೂದಿಯಿಂದ ತೆಗೆದ ಖಾರದ ಮದ್ದು), ಅಗ್ನಿ (ಕಾಯಿಸಿ ಸುಡುವುದು), ಶಸ್ತ್ರ ಉಳಿದವು. ಇವತ್ತಿನ ಕ್ಷಾರಸೂತ್ರ ಅಂದರೆ ಮದ್ದು ಸವರಿದ ದಾರ, ಅದಕ್ಕೆ ಕಳ್ಳಿಹಾಲು 11, ಉತ್ತರಣೆ ಕ್ಷಾರ 7, ಅರಿಶಿನ 3 ಹೀಗೆ ಒಟ್ಟು 21 ಲೇಪ. ಭಗಂದರಕ್ಕೆ ಹೆಚ್ಚು ಬಳಕೆ, ಹೊರಬಂದ ಮೊಳಕೆಯ ಬುಡಕ್ಕೂ ಕಟ್ಟುತ್ತಾರೆ. ಕಟ್ಟುವವರು ಇದನ್ನೇ ಓದಿಕೊಂಡ ಆಯುರ್ವೇದ ಶಸ್ತ್ರಚಿಕಿತ್ಸಾ ತಜ್ಞರಾಗಿರಬೇಕು, ಜಾಗ ಆಸ್ಪತ್ರೆಯಾಗಿರಬೇಕು.