ಮಳೆಗಾಲದಲ್ಲಿ ಕೊಡಗಿಗೆ ಕ್ಯಾಮೆರಾ ತರುವವರಿಗೆ

ಮಾಂದಲಪಟ್ಟಿಯ ಮಂಜು ಕಣ್ಣಿಗೆ ಬೆಳ್ಳಗೆ, ಫೋಟೊದಲ್ಲಿ ಮಾತ್ರ ಕೊಳೆ ಬೂದು. ಕ್ಯಾಮೆರಾದ ಮೀಟರ್ ಎದುರಿಗೆ ಏನಿದ್ದರೂ ಅದನ್ನು ನಡುಬೂದು ಮಾಡಲು ನೋಡುತ್ತದೆ, ಅದಕ್ಕೇ ಹೀಗೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೊದ ಬೆಳಕು ಏರಿಸಿ ಇಳಿಸುವ ಸೆಟ್ಟಿಂಗ್) +0.7ರಿಂದ +1.3ರವರೆಗೆ ಏರಿಸಿ. ಹಿಸ್ಟೋಗ್ರಾಂ (ಫೋಟೊದ ಕತ್ತಲು-ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲಕ್ಕೆ ಸರಿಯಲಿ, ಅಂಚಿಗೆ ತಾಗುವುದು ಬೇಡ. ಆಟೋಫೋಕಸ್ ತಡಕಾಡಿದರೆ, ಮಂಜಿನೊಳಗೆ ಗೆರೆಯಂತೆ ಕಾಣುವ ಮರದ ಅಂಚಿಗೆ ಫೋಕಸ್ ಹಿಡಿದು ಮ್ಯಾನುಯಲ್‌ಗೆ ಬದಲಿಸಿಬಿಡಿ.

ಅಬ್ಬಿ ಜಲಪಾತಕ್ಕೆ ಪೋಲರೈಸರ್ (ಲೆನ್ಸ್ ಮುಂದೆ ಹಾಕುವ ಫಿಲ್ಟರ್) ಸಾಕು. ಒದ್ದೆ ಎಲೆ, ಬಂಡೆಗಳ ಹೊಳಪು ಇಳಿದು ಹಸಿರು ಎದ್ದು ಬರುತ್ತದೆ. ಬೆಳಕು ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಕಡಿಮೆಯಾಗುವುದರಿಂದ ಶಟರ್ ನಿಧಾನ ಮಾಡುವುದೂ ಸುಲಭ. ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್/11, ಶಟರ್ ಅರ್ಧ ಸೆಕೆಂಡು. ಅದಕ್ಕಿಂತ ಉದ್ದಕ್ಕೆ ಹೋದರೆ ತುಂಬಿದ ನೀರು ಬರೀ ಬಿಳಿ ಬಟ್ಟೆ.

ನಿಜವಾದ ತಲೆನೋವು ತೇವ. ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರತೆಗೆದರೆ ತಣ್ಣಗಿನ ಗಾಜಿನ ಮೇಲೆ ಹಬೆ ಕೂರುತ್ತದೆ. ಜಿಪ್ ಕವರಿನಲ್ಲೇ ಅರ್ಧ ಗಂಟೆ ಬಿಡಿ. ಹಬೆ ಕೂತಾಗ ಲೆನ್ಸ್ ಬಿಚ್ಚಲೇಬೇಡಿ, ಒಳಗೂ ಸೇರುತ್ತದೆ. ರಾತ್ರಿ ಒದ್ದೆ ಬ್ಯಾಗಿನಲ್ಲಿ ಇಡುವುದೇ ಫಂಗಸ್‌ಗೆ ಆಹ್ವಾನ: ಒರೆಸಿ, ರಬ್ಬರ್ ಅಂಚಿನ ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್‌ನ ಕಿತ್ತಳೆ ಹರಳು ಹಸಿರಾದರೆ ತೇವ ತುಂಬಿದೆ ಎಂದರ್ಥ. ಓವನ್‌ನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಬಳಸಬಹುದು. ಅಕ್ಕಿ ಡಬ್ಬದಲ್ಲಿ ಹೂಳುವ ಉಪಾಯ ಬೇಡ, ಅದರ ಪುಡಿ ಲೆನ್ಸ್ ರಿಂಗಿನೊಳಗೆ ಹೋಗುತ್ತದೆ.

ಇಂಬಳಕ್ಕೆ ಲೀಚ್ ಸಾಕ್ಸ್ ಹಾಕಿ. ಟ್ರೈಪಾಡ್ ಮಡಚುವಾಗ ಅದರ ಕಾಲುಗಳನ್ನೂ ಒಮ್ಮೆ ನೋಡಿಕೊಳ್ಳಿ.